ಇಂಗ್ಲೀಷಿನಲ್ಲಿ ನಮ್ಮ ಮನೆಯವರು ಯಾರೂ ಇಲ್ಲ

ನನ್ನ ದೊಡ್ಡವ್ವನ ಬಾಯಲ್ಲಿ ಕೆಂಪು ಎಂಬ ಬಣ್ಣವೇ ಇರಲಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಸೀರೆ ಆರಿಸುವಾಗ ಕೈ ಅದರ ಮೇಲೇ ಹೋಗುತ್ತಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಕಾರಣ ನಮ್ಮ ದೊಡ್ಡಪ್ಪ. ಅವರ ಹೆಸರು ಕೆಂಪಣ್ಣ. ಗಂಡನ ಹೆಸರು ಹೇಳಬಾರದು ಎನ್ನುವುದು ನಮ್ಮವರಲ್ಲಿ ಆ ಕಾಲದ ಹೆಂಗಸರೆಲ್ಲ ಪಾಲಿಸಿದ ಕಟ್ಟಳೆ. ಆದರೆ ದೊಡ್ಡವ್ವ ಯಾವುದನ್ನೂ ಅರ್ಧಂಬರ್ಧ ಮಾಡುವ ಪೈಕಿಯಲ್ಲ. ಹೆಸರು ಹೇಳಬಾರದು ಎಂದ ಮೇಲೆ ಹೆಸರಿನ ತುಂಡನ್ನೂ ಹೇಳಬಾರದು ಎಂಬುದು ಅವಳ ಲೆಕ್ಕ. ಹಾಗಾದರೆ ತಮಿಳಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾವು ತಲೆತಲಾಂತರದಿಂದ ತಮಿಳುನಾಡಿನಲ್ಲೇ ಬೇಸಾಯ ಮಾಡಿಕೊಂಡಿರುವ ಕನ್ನಡದ ಜನ; ಒಳಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ತಮಿಳಿನಲ್ಲಿ ಕೆಂಪಿಗೆ ಸಿವಪ್ಪು ಅನ್ನುತ್ತಾರೆ. ಅವಳ ಮಾವನ ಹೆಸರು ಶಿವಪ್ಪ, ಊರ ಬಾಯಲ್ಲಿ ಸಿವಪ್ಪ. ಮಾವನ ಹೆಸರನ್ನಂತೂ ಕನಸಿನಲ್ಲೂ ಎತ್ತುವಂತಿಲ್ಲ. ಹೀಗೆ ಎರಡು ಭಾಷೆ ಗೊತ್ತಿದ್ದ ಹೆಂಗಸಿಗೆ ಎರಡರಲ್ಲೂ ಅದೊಂದು ಬಣ್ಣ ಮುಚ್ಚಿಹೋಗಿತ್ತು.

ಅವಳು ಅದಕ್ಕೆಲ್ಲ ಸುತ್ತುದಾರಿ ಮಾಡಿಕೊಂಡಿದ್ದಳು. ಕೆಂಪು ರವಿಕೆ ಎಂದರೆ ಕುಂಕುಮದ ರವಿಕೆ. ಕೆಂಪು ಮಣ್ಣಿನ ಹೊಲ ಎಂದರೆ ಇಟ್ಟಿಗೆ ಹೊಲ. ದಿಂಡಿಗಲ್ಲಿನ ಪೇಟೆಯಲ್ಲಿ ಒಮ್ಮೆ ಪೊಲೀಸಿನವನು ಅವಳು ಓಡಿಸುತ್ತಿದ್ದ ಹೂವಿನ ವ್ಯಾನಿಗೆ ಕೈ ಅಡ್ಡ ಹಿಡಿದ. "ಸಿಗ್ನಲ್‌ನಲ್ಲಿ ಯಾವ ಬಣ್ಣ ಇತ್ತು, ಹೇಳು ನೋಡೋಣ" ಎಂದು ತಮಿಳಿನಲ್ಲಿ ದಬಾಯಿಸಿದ.

"ನಿಲ್ಲೋ ಬಣ್ಣ" ಅಂದಳು ದೊಡ್ಡವ್ವ.

"ಗೊತ್ತಿದ್ದೂ ಯಾಕೆ ಬಂದೆ?"

"ನಾನು ಬರುವಾಗ ಹೋಗೋ ಬಣ್ಣ ಇತ್ತು ಸಾಮಿ. ನೀನು ತಿರುಗಿ ನೋಡುವಾಗ ನಿಲ್ಲೋ ಬಣ್ಣ ಆಯ್ತು. ನೀನು ಮೊದಲೇ ತಿರುಗಬೇಕಿತ್ತು."

ಪೊಲೀಸಿನವನು ನಕ್ಕು ಬಿಟ್ಟುಬಿಟ್ಟ. ಈ ಕಥೆಯನ್ನು ಅವಳೇ ನನಗೆ ಹತ್ತಾರು ಸಲ ಹೇಳಿದ್ದಾಳೆ, ಪ್ರತಿ ಸಲವೂ ಪೊಲೀಸಿನವನ ಮೀಸೆ ಸ್ವಲ್ಪ ದೊಡ್ಡದಾಗುತ್ತಿತ್ತು.

ಕಳೆದ ಆಡಿ ತಿಂಗಳಲ್ಲಿ, ತಮಿಳಿನವರ ಆಷಾಢದಲ್ಲಿ, ದೊಡ್ಡವ್ವ ತೀರಿಕೊಂಡಳು. ಗಂಡನನ್ನು ಮುಂದಿಟ್ಟುಕೊಂಡು, ಹಣೆ ತುಂಬ ಕುಂಕುಮ ಇಟ್ಟುಕೊಂಡು, ಅವಳು ಬಯಸಿದ ಹಾಗೆಯೇ ಹೋದಳು. ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದೊಡ್ಡವರ ಹೆಸರು ಕರೆಯಬಾರದು ಎಂದು ಜನ್ಮವಿಡೀ ನನ್ನ ಕಿವಿ ಹಿಂಡಿದವಳು ಅವಳೇ, ಅನುಭವಿಸಲಿ. ನಾನು ಮೈಸೂರಿನಿಂದ ಫೋನಿನಲ್ಲಿ ನನ್ನ ಗಂಡನನ್ನು ಹೆಸರು ಹಿಡಿದು ಕೂಗಿದ್ದು ಕೇಳಿಸಿದರೆ ಸಾಕು, "ಏನ್ ಕಣ್ಣು, ಮನೇಲಿ ನಾಯಿ ಸಾಕಿದ್ದೀಯಾ?" ಎನ್ನುತ್ತಿದ್ದಳು. ಮುದ್ದಿನವರನ್ನೆಲ್ಲ ಅವಳು ತಮಿಳಿನವರ ಹಾಗೆ ಕಣ್ಣು ಎಂದೇ ಕರೆಯುವುದು. ನಾನು ತಮಿಳುನಾಡಿನ ಕೊಂಬೈಯಲ್ಲಿ ಹುಟ್ಟಿ, ಮದುವೆಯಾಗಿ ಮೈಸೂರು ಸೇರಿ, ಅಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಕನ್ನಡದ ಅಕ್ಷರ ಕಲಿತವಳು. ನನ್ನ ಅಚ್ಚಿನ ಕನ್ನಡ ಕೇಳಿದರೆ ಅವಳಿಗೆ ತಡೆಯಲಾರದ ನಗು. "ನೀನು ಮಾತಾಡಿದ್ರೆ ರೇಡಿಯೋ ಹಾಕ್ದಂಗೆ ಐತೆ" ಎನ್ನುತ್ತಿದ್ದಳು.

ದೊಡ್ಡವ್ವನನ್ನು ಕೊಟ್ಟದ್ದು ನಿಲಕ್ಕೋಟ್ಟೈ ಪಕ್ಕದ ಒಂದು ಹಳ್ಳಿಗೆ. ಅಲ್ಲೆಲ್ಲ ಮಲ್ಲಿಗೆ, ಕನಕಾಂಬರ, ಸಂಪಂಗಿ. ಬೆಳಕು ಹರಿಯುವ ಮೊದಲು ಮೊಗ್ಗು ಬಿಡಿಸಿ, ಅರಳುವ ಮೊದಲು ಹೂವಿನ ಸಂತೆ ಸೇರಿಸಬೇಕು. ಅರಳಿದ ಮಲ್ಲಿಗೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಊರಿನ ಹೂವನ್ನೆಲ್ಲ ಸಂತೆಗೆ ಸಾಗಿಸುತ್ತಿದ್ದದ್ದು ದೊಡ್ಡಪ್ಪನ ವ್ಯಾನು, ಮೂತಿ ಚಪ್ಪಟೆಯಾದ, ಕಿಟಕಿಯ ಗಾಜು ಕೈಯಲ್ಲಿ ಎತ್ತಿ ಹಿಡಿದರೆ ಮಾತ್ರ ನಿಲ್ಲುವ ಹಳೆಯ ಗಾಡಿ. ಪಕ್ಕದ ಸೀಟಿನಲ್ಲಿ ಕೂತು ದೊಡ್ಡವ್ವ ವರ್ಷಾನುಗಟ್ಟಲೆ ಅವರ ಓಡಿಸುವಿಕೆಯಲ್ಲಿ ಹುಳುಕು ಹುಡುಕಿದಳು. ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದು ಎದುರಿನ ಲಾರಿ ಎರಡೆರಡಾಗಿ ಕಾಣತೊಡಗಿದಾಗ, "ಇಳೀರಿ, ನಾನು ನೋಡ್ಕೋತೀನಿ" ಎಂದು ಆ ಕಡೆಯ ಸೀಟಿನಿಂದ ಈ ಕಡೆಯ ಸೀಟಿಗೆ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಗಂಡಸರ ಸಾಲಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳಂತೆ. ಪಾಸಾಗದಿದ್ದರೆ ಪರೀಕ್ಷೆ ಮಾಡಿದವನು ಅಲ್ಲಿಂದ ಮನೆಗೆ ಹೋಗಲು ಅವಳು ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಗಾಡಿಯನ್ನು ಅವಳು ಎಮ್ಮೆಯನ್ನು ಬೈದ ಹಾಗೆ ಬೈಯುತ್ತಿದ್ದಳು. ಏರಿನಲ್ಲಿ "ನಡಿ ಮುಂಡೇದೆ, ತಿಂದದ್ದು ಎಲ್ಲೋಯ್ತು?" ಎಂದು ಸ್ಟೀರಿಂಗಿಗೆ ಬಡಿಯುತ್ತಿದ್ದಳು, ಏರು ಮುಗಿದ ಮೇಲೆ ಅದೇ ಕೈಯಲ್ಲಿ ಸವರುತ್ತಿದ್ದಳು. ಬಾಯಲ್ಲಿ ಸದಾ ಎಲೆಅಡಿಕೆ. ಹೂವಿನ ಹೆಂಗಸರು ತಡಮಾಡಿದರೆ "ನಿಮಗೆ ಕಾಯಕ್ಕೆ ನಾನೇನು ಬಸ್ ಸ್ಟ್ಯಾಂಡಾ?" ಎಂದು ಗದರುತ್ತಾ ಅವರು ಬರುವ ತನಕ ಕಾಯುತ್ತಿದ್ದಳು. ಅದಕ್ಕೇ ಆ ಹೆಂಗಸರು ಬೇರೆ ಗಾಡಿ ಹತ್ತುತ್ತಿರಲಿಲ್ಲ. ಅವಳ ಮಗ ಹೊಸದಾಗಿ ಒಂದು ಸಣ್ಣ ಲೋಡ್ ಗಾಡಿ ತಂದ. ಹೊಳೆಯುವ ಗಾಡಿ, ಹಾಡು ಬೇರೆ ಹಾಡುತ್ತಿತ್ತು. ಹೆಂಗಸರು ಅದನ್ನು ಸುತ್ತ ಬಂದು ನೋಡಿ, ಮೆಚ್ಚಿ, ಬುಟ್ಟಿಗಳನ್ನು ಮಾತ್ರ ದೊಡ್ಡವ್ವನ ವ್ಯಾನಿಗೆ ಏರಿಸಿದರು. ಮಗನ ಗಾಡಿ ಹೇಳಿದ ಗಂಟೆಗೆ ಸರಿಯಾಗಿ ಹೊರಡುತ್ತಿತ್ತು, ಯಾರಿಗೂ ಕಾಯುತ್ತಿರಲಿಲ್ಲ.

ಮಗ ಕೆಟ್ಟವನಲ್ಲ. ನನಗೆ ತಮ್ಮನಾಗಬೇಕು. ಅವ್ವನಿಗೆ ವಯಸ್ಸಾಯಿತು, ನಸುಕಿನ ಕತ್ತಲಲ್ಲಿ ಹೆದ್ದಾರಿಗೆ ಏರುತ್ತಾಳೆ ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಭಯವನ್ನು ಭಯ ಎಂದು ಹೇಳಲು ಬಾರದೆ ಗಾಡಿಯನ್ನು ಬೈಯುತ್ತಿದ್ದ, ಅಷ್ಟೇ.

ಒಂದು ವರ್ಷ ನಾನು ಬೇಸಿಗೆ ರಜೆಗೆ ಅಲ್ಲಿಗೆ ಹೋದಾಗ ಗಾಡಿಯೂ ಅವನ ಪರವಾಗಿ ಸಾಕ್ಷಿ ಹೇಳತೊಡಗಿತ್ತು. ಎಡಕ್ಕೆ ತಿರುಗುವ ದೀಪ ಹಾಕಿದರೆ ಗಾಜು ಒರೆಸುವ ಕಡ್ಡಿ ಒಂದು ಸಲ ಆಡಿ ನಿಲ್ಲುತ್ತಿತ್ತು. ಹಾರ್ನ್ ಒತ್ತಿದರೆ ಸುಮ್ಮನಿರುತ್ತಿತ್ತು, ಒತ್ತದೆ ಇದ್ದಾಗ ಕೂಗುತ್ತಿತ್ತು. ಹೆಡ್‌ಲೈಟು ಮನಸ್ಸು ಬಂದರೆ ಉರಿಯುತ್ತಿತ್ತು. ಗಾಡಿಯ ಎಫ್‌ಸಿ, ಅಂದರೆ ರಸ್ತೆಗಿಳಿಯಲು ಯೋಗ್ಯ ಎಂದು ಸರ್ಕಾರದವರು ಕೊಡುವ ಒಪ್ಪಿಗೆ, ಅದರ ಪರೀಕ್ಷೆ ಸೋಮವಾರಕ್ಕೆ ನಿಗದಿಯಾಗಿತ್ತು. ದೀಪ, ಹಾರ್ನ್, ಒರೆಸುವ ಕಡ್ಡಿ ಎಲ್ಲವನ್ನೂ ಹಾಕಿಸಿ ನೋಡುತ್ತಾರೆ.

"ಅವ್ವ, ಪೋದುಂ" ಎಂದ ಮಗ. ಸಾಕು ಎಂದು ಅರ್ಥ. "ಈ ಸಲ ಎಫ್‌ಸಿ ಆಗ್ದೇ ಓದ್ರೆ ವಂಡೀನ ಹಳೇ ಕಬ್ಬಿಣದವನಿಗೆ ಕೊಟ್ಬುಡೋದು. ನಾನು ಸೋಮವಾರ ಅಲ್ಲಿಗೇ ಬತ್ತೀನಿ. ಆಗ್ಲಿಲ್ಲ ಅಂದ್ರೆ ಅಲ್ಲಿಂದ ಅಂಗೇ ಓಡಿಸ್ಕಂಡು ಓಗ್ತೀನಿ."

"ಆದ್ರೆ?" ಅಂದಳು ದೊಡ್ಡವ್ವ.

"ಆದ್ರೆ ನಾನು ಇನ್ನೆಂದೂ ಬಾಯಿ ಬುಡಲ್ಲ."

"ಸಾಕ್ಷಿ ನೀನು" ಎಂದು ನನ್ನ ಕಡೆ ಬೆರಳು ತೋರಿಸಿದಳು. ಅವಳ ಮುಖದಲ್ಲಿ ನಗುವಿತ್ತು. ಆದರೆ ವ್ಯಾನು ಹೋದರೆ ತಾನು ಹಟ್ಟಿಯಲ್ಲಿ ಕೂತು ಹೂ ಕಟ್ಟುವ ಮುದುಕಿಯಾಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. 

ಶನಿವಾರ ಬೆಳಿಗ್ಗೆ ಮುರುಗೇಸನ್ ಬಂದ. ನಿಲಕ್ಕೋಟ್ಟೈಯಲ್ಲಿ ಗಾಡಿಗಳ ವಯರಿಂಗ್ ಕೆಲಸಕ್ಕೆ ಅವನೇ ಗತಿ. ಕಿವಿಯ ಮೇಲೆ ಪೆನ್ಸಿಲು, ಎದೆಯ ಮೇಲೆ ಚಿನ್ನದ ಸರ, ಮಾತಿನಲ್ಲಿ ಧಾರಾಳ. ತಮಿಳಿನವನು, ನಮ್ಮ ಕನ್ನಡ ಅವನಿಗೆ ಅಷ್ಟಿಷ್ಟು ತಿಳಿಯುತ್ತಿತ್ತು, ಆದರೆ ದೊಡ್ಡವ್ವ ಅವನ ಜೊತೆ ತಮಿಳೇ ಆಡುತ್ತಿದ್ದಳು. ಅವರ ಮಾತನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ತಮಿಳೇ ಬೇಕಾದ ಕಡೆ ಹಾಗೇ ಬಿಡುತ್ತೇನೆ.

ಮುರುಗೇಸನ್ ಬ್ಯಾಟರಿಯ ವಯರ್ ಬಿಚ್ಚಿಟ್ಟು, ವ್ಯಾನಿನ ಮೂತಿಯ ಸಣ್ಣ ಮುಚ್ಚಳ ತೆಗೆದು, ಒಳಗಿದ್ದ ಫ್ಯೂಸ್ ಪೆಟ್ಟಿಗೆಗೆ ಟಾರ್ಚ್ ಬಿಟ್ಟ.  ತಗಡಿನ ತುದಿಗಳೆಲ್ಲ ಹಸಿರು ಕಿಲುಬು ಹಿಡಿದು ಊದಿಕೊಂಡಿದ್ದವು. ಎರಡು ಫ್ಯೂಸು ಬೆರಳು ತಾಗಿಸಿದರೆ ಪುಡಿಯಾದವು. ಪೆಟ್ಟಿಗೆಯ ತಳದಲ್ಲಿ ನೀರು ನಿಂತ ಗುರುತು, ಅದರಲ್ಲಿ ಕೊಳೆತು ಕಪ್ಪಾದ ಮಲ್ಲಿಗೆ ಮೊಗ್ಗುಗಳು.

"ಪೆರಿಯಮ್ಮಾ" ಎಂದ, ಅವರ ಮಾತಿನ ದೊಡ್ಡವ್ವ. "ಕರೆಂಟಿಗೆ ಯಾಕೆ ಹೂ ಮುಡಿಸಿದ್ದೀರಿ?"

ತಪ್ಪು ಮಳೆಯದಲ್ಲ. ಬಿಡಿಸಿದ ಮೊಗ್ಗು ಬಾಡದಿರಲಿ ಎಂದು ಬುಟ್ಟಿಗೆ ಒದ್ದೆ ಬಟ್ಟೆ ಸುತ್ತಿ ನೀರು ಚಿಮುಕಿಸುವುದು ಅಲ್ಲಿನ ರೂಢಿ. ಹಿಂದುಗಡೆ ಬುಟ್ಟಿ ತುಂಬಿದ ಮೇಲೂ ಒಬ್ಬ ಮುದುಕಿ ತನ್ನ ಅಂಗೈಯಗಲದ ಹಿತ್ತಿಲ ಹೂ ಹಿಡಿದು ಕೊನೆಯಲ್ಲಿ ಓಡಿ ಬರುತ್ತಿದ್ದಳು. ಅವಳ ಬುಟ್ಟಿಗೆ ದೊಡ್ಡವ್ವ ಮುಂದೆ ಡ್ಯಾಶ್‌ಬೋರ್ಡಿನ ಮೇಲೆ, ಗಾಳಿ ಬೀಸುವ ಜಾಗದಲ್ಲಿ, ಖಾಯಂ ಸೀಟು ಕೊಟ್ಟಿದ್ದಳು. ಅಲ್ಲಿಂದ ತೊಟ್ಟಿಕ್ಕಿದ ನೀರು ದಿನವೂ ನೇರವಾಗಿ ಫ್ಯೂಸ್ ಪೆಟ್ಟಿಗೆಗೆ ಇಳಿದಿತ್ತು.

"ಆ ಬುಟ್ಟಿ ಇನ್ನು ಅಲ್ಲಿ ಇಡಬಾರದು" ಎಂದ ಮುರುಗೇಸನ್.

"ಬುಟ್ಟಿ ಅಲ್ಲೇ ಇರುತ್ತೆ. ಪೆಟ್ಟಿಗೆಯನ್ನ ಬೇರೆ ಕಡೆ ಇಡು" ಎಂದಳು ದೊಡ್ಡವ್ವ.

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಕೊನೆಗೆ ಅವಳು ಹೇಳಿದ ಹಾಗೇ ಆಯಿತು. ಹೊಸ ಪೆಟ್ಟಿಗೆಯನ್ನು ಗಾಡಿಯ ಒಳಗೆ, ಓಡಿಸುವವರ ಮೊಣಕಾಲಿನ ಪಕ್ಕ ಎತ್ತರದಲ್ಲಿ, ನೀರು ತಾಗದ ಕಡೆ ಕೂರಿಸುವುದೆಂದು ನಿಶ್ಚಯವಾಯಿತು. ಆ ಹಳೆಯ ಗಾಡಿಯದೇ ಪೆಟ್ಟಿಗೆ ಈಗ ಎಲ್ಲೂ ಸಿಗುವುದಿಲ್ಲವಂತೆ. ಅವನು ದಿಂಡಿಗಲ್ಲಿನಿಂದ ಯಾವ ಗಾಡಿಗಾದರೂ ಆಗುವ ಒಂದು ಪೆಟ್ಟಿಗೆ ಮೊದಲೇ ತಂದು ಸಾಮಾನಿನ ಚೀಲದಲ್ಲಿ ಇಟ್ಟುಕೊಂಡಿದ್ದ. ಅದರಲ್ಲಿ ಫ್ಯೂಸ್ ಕೂರುವ ಮನೆಗಳು ಬೇಕಾದ್ದಕ್ಕಿಂತ ಹೆಚ್ಚಿದ್ದವು, ಮನೆಗೊಂದು ನಂಬರು.

ಹಳೆಯ ವಯರುಗಳು ಅಲ್ಲಿಯವರೆಗೆ ಎಟುಕುತ್ತಿರಲಿಲ್ಲ. ಕಿಲುಬು ಹಿಡಿದ ತುದಿ ಕತ್ತರಿಸಿ, ಒಂದೊಂದಕ್ಕೂ ಹೊಸ ವಯರಿನ ತುಂಡು ಸೇರಿಸಿ, ತೂತಿನಿಂದ ಒಳಗೆ ತೂರಿಸಿದ. ಅವನ ಬಳಿ ಇದ್ದದ್ದು ಒಂದೇ ಸುರುಳಿ, ಕಪ್ಪು. ಒಳಗಿನಿಂದ ನೋಡಿದರೆ ಎಲ್ಲ ವಯರೂ ಒಂದೇ ತಾಯಿಯ ಮಕ್ಕಳು. ಆದ್ದರಿಂದ ಮುರುಗೇಸನ್ ಒಳಗೆ ಅಂಗಾತ ಮಲಗಬೇಕು. ದೊಡ್ಡವ್ವ ಹೊರಗೆ ಮೂತಿಯ ಬಳಿ ನಿಂತು ಒಂದೊಂದೇ ವಯರನ್ನು ಎಳೆದು ಒಳಗಿನ ತುದಿ ಅಲುಗಾಡಿಸಿ, ಅದರ ಹಳೆಯ ಬಣ್ಣ ಯಾವುದೆಂದು ಕೂಗಬೇಕು. ಬಣ್ಣ ಪೂರ್ತಿ ಹಾರಿಹೋಗಿದ್ದರೆ ಹಳೆಯ ಪೆಟ್ಟಿಗೆಯಲ್ಲಿ ಅದು ಇದ್ದ ಮನೆಯ ನಂಬರು ಕೂಗಬೇಕು. ಅದನ್ನು ಕೇಳಿ ಅವನು ಜೋಡಿಸುತ್ತಾ ಹೋಗುವುದು.

ನಾನು ಕೂಗುತ್ತೇನೆ ಎಂದರೆ ಬಿಡಲಿಲ್ಲ. "ನಿನ್ನ ರೇಡಿಯೋ ಭಾಷೆ ಅವನಿಗೆ ತಿಳೀದು. ನೀನು ಓಗಿ ಕಾಪಿ ಕಾಯ್ಸು" ಎಂದು ಒಳಗೆ ಅಟ್ಟಿದಳು.

ಅಡುಗೆಮನೆಯಿಂದ ಅವಳ ದನಿ ಕೇಳುತ್ತಿತ್ತು. "ಮಂಜಳ್! ... ಪಚ್ಚೈ! ... ಇದು ಬಣ್ಣ ಓಯ್ತು, ನಾಲು! ... ನೀಲಂ!" ಒಳಗಿಂದ ಅವನು "ಸರಿ", "ಸರಿ" ಎನ್ನುತ್ತಿದ್ದ. ಹಳದಿ, ಹಸಿರು, ನಾಲ್ಕು, ನೀಲಿ. ನಡುವೆ ಒಂದು ಕಡೆ ಅವಳ ದನಿ ಮಿಕ್ಕವಕ್ಕಿಂತ ಜೋರಾಗಿ, ಸ್ವಲ್ಪ ಹೆಮ್ಮೆಯಿಂದ ಎದ್ದಿತು. ಅವನು ಅದಕ್ಕೂ "ಸರಿ" ಎಂದ. ನಾನು ಹಾಲು ಉಕ್ಕುತ್ತದೆಂದು ಒಲೆಯ ಕಡೆ ತಿರುಗಿದೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಬ್ಯಾಟರಿ ಸೇರಿಸಿದರು. ಇಂಡಿಕೇಟರ್ ಎಡ, ಬಲ, ಸರಿ. ಕಡ್ಡಿ ಆಡಿತು. ಹಾರ್ನ್ ಒತ್ತಿದರೆ ಕೂಗಿತು, ಬಿಟ್ಟರೆ ನಿಂತಿತು. ಅಂಗಳದ ಮಂಚದ ಮೇಲೆ ಕೂತಿದ್ದ ದೊಡ್ಡಪ್ಪ ಚಪ್ಪಾಳೆ ತಟ್ಟಿದರು. ದೊಡ್ಡವ್ವ ಹೆಡ್‌ಲೈಟಿನ ಗುಂಡಿ ತಿರುಗಿಸಿದಳು. ಟಪ್ ಎಂದು ಸಣ್ಣ ಸದ್ದು. ದೀಪ ಉರಿಯಲಿಲ್ಲ. ಹಾರ್ನ್ ಒತ್ತಿ ನೋಡಿದರೆ ಅದೂ ಸತ್ತಿತ್ತು.

ಎರಡನೆಯ ಮನೆಯ ಫ್ಯೂಸ್ ಸುಟ್ಟಿತ್ತು. ಅದು ಹಾರ್ನ್‌ನದು, ಸಣ್ಣ ಫ್ಯೂಸ್. ಮುರುಗೇಸನ್ ಹೊಸದು ಹಾಕಿದ. ಹಾರ್ನ್ ಬಂತು. ಹೆಡ್‌ಲೈಟ್ ತಿರುಗಿಸಿದರೆ ಮತ್ತೆ ಟಪ್. ಹಾರ್ನ್ ಹೋಯಿತು. ಅವನು ಮೂತಿಯಿಂದ ಬಾಲದವರೆಗೆ ವಯರು ಸವರುತ್ತಾ ಎಲ್ಲಾದರೂ ಬರಿ ತಂತಿ ತಗಡಿಗೆ ತಾಗಿದೆಯೇ ಎಂದು ಹುಡುಕಿದ. ಬಲ್ಬು ಬದಲಾಯಿಸಿದ. ಹಾರ್ನನ್ನು ಬಿಚ್ಚಿ ಕೆಳಗಿಟ್ಟ. ಬೆವರಿ, ಅಂಗಿ ಕಳಚಿ, ಸರವನ್ನು ಬೆನ್ನ ಮೇಲೆ ಹಾಕಿಕೊಂಡ. ಫ್ಯೂಸು ಮಾತ್ರ ಸಾಯುತ್ತಲೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಕೈ ಚೆಲ್ಲಿದ. "ಪೆಟ್ಟಿಗೆಯೇ ಸರಿಯಿಲ್ಲ ಪೆರಿಯಮ್ಮಾ. ಬೇರೆ ತರಬೇಕು. ನಾಳೆ ಭಾನುವಾರ, ಅಂಗಡಿ ಇಲ್ಲ. ಸೋಮವಾರದ ಪರೀಕ್ಷೆಗೆ ಆಗೋದಿಲ್ಲ."

ಅಷ್ಟರಲ್ಲಿ ಮಗ ಬಂದು ಬೇಲಿಯ ಹತ್ತಿರ ನಿಂತಿದ್ದ.  ಅವನು ಬಂದು ನಿಂತದ್ದೇ ದೊಡ್ಡವ್ವನಿಗೆ ಚುಚ್ಚಿತು. ಅವಳು ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳು ಹಾಗೆ ಕೂತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ನನಗೆ ಅಳು ಬಂತು.

ಮುರುಗೇಸನ್ ಸಾಮಾನು ಕಟ್ಟುತ್ತಾ ತನಗೆ ತಾನೇ ಎಂಬಂತೆ ಗೊಣಗಿದ. "ಅಲ್ಲ, ಮೊದಲು ಕೆಲಸ ಮಾಡಿದ ಮೆಕ್ಯಾನಿಕ್ ಯಾರೋ ಏನೋ. ಎರಡನೇ ಮನೆಗೆ ಎರಡು ವಯರು ಸೇರಿಸಿದ್ದಾನೆ. ಹಳೆ ಗಾಡಿ, ಇದ್ದರೂ ಇರಬಹುದು ಅಂತ ನಾನೂ ಹಾಗೇ ಹಾಕಿದೆ."

ದೊಡ್ಡವ್ವ ತಲೆ ಎತ್ತಿದಳು. "ಎರಡನೇದಕ್ಕೆ ಎರಡು ಅಂತ ಯಾರು ಹೇಳಿದ್ದು?"

"ನೀವೇ. ಹಳದಿ ಅಂದಿರಿ, ಅದು ಹಾರ್ನ್, ಎರಡಕ್ಕೆ ಹಾಕಿದೆ. ಆಮೇಲೆ ಇನ್ನೊಂದಕ್ಕೆ ರೆಂಡು ಅಂದಿರಿ."

ರೆಂಡು ಎಂದರೆ ತಮಿಳಿನಲ್ಲಿ ಎರಡು.

"ನಾನು ಎಲ್ಲಿ ರೆಂಡು ಅಂದೆ? ನಾನು ಅಂದದ್ದು ರೆಡ್ಡು!"

"ಅದೇ ಪೆರಿಯಮ್ಮಾ, ರೆಂಡು."

"ರೆಂಡು ಅಲ್ಲಡಾ, ರೆಡ್ಡು!"

ಬಾಯಲ್ಲಿ ಎಲೆಅಡಿಕೆ. ನನಗೂ ಎರಡೂ ಒಂದೇ ಥರ ಕೇಳಿಸಿತು. ಆಗ ನನಗೆ ಹೊಳೆಯಿತು. ಅಡುಗೆಮನೆಗೆ ಕೇಳಿದ ಆ ಹೆಮ್ಮೆಯ ದನಿ ಯಾವುದರದೆಂದು ಗೊತ್ತಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಎದ್ದಳು. ಎಲೆಅಡಿಕೆಯನ್ನು ಬೇಲಿಗೆ ಉಗಿದಳು. ಮುರುಗೇಸನ್‌ನ ಮುಂದೆ ಹೋಗಿ ನಿಂತು ತನ್ನ ಹಣೆಯ ಕುಂಕುಮಕ್ಕೆ ಬೆರಳು ಇಟ್ಟು ತೋರಿಸಿದಳು. "ಇದು! ಇದು ಯಾವ ಬಣ್ಣ? ಇದನ್ನೇ ಕಣೋ ನಾನು ಕೂಗಿದ್ದು!"

ಮುರುಗೇಸನ್ ಕಣ್ಣು ಅಗಲಿಸಿದ. "ಸಿವಪ್ಪಾ?"

ಕೆಂಪಾ ಎಂದು ಕೇಳಿದ್ದು ಅವನು, ಪಾಪ. ಮಾವನ ಹೆಸರು ಕಿವಿಗೆ ಬಿದ್ದದ್ದೇ ದೊಡ್ಡವ್ವನ ಕೈ ತಾನಾಗಿ ಸೆರಗು ಎಳೆದು ತಲೆ ಮುಚ್ಚಿತು. ಮಂಚದ ಮೇಲೆ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ತಡೆಯಲಾರದೆ ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು.

"ಸಿವಪ್ಪು ಅಂತ ಎಲ್ಲರ ಹಾಗೆ ಹೇಳಬಾರದಾ?" ಎಂದು ಮುರುಗೇಸನ್ ಅಳುವ ಮುಖ ಮಾಡಿದ. "ಇಲ್ಲ ನಿಮ್ಮ ಭಾಷೆಯಲ್ಲಿ ಕೆಂಪು ಅನ್ನಬಾರದಾ? ಅದೂ ನನಗೆ ತಿಳಿಯುತ್ತಲ್ಲ!"

"ಅವರು ಅಲ್ಲಿ ಕೂತವ್ರೆ, ಅಂಗೆಲ್ಲಾ ಹೇಳ್ಬೇಡ" ಎಂದು ದೊಡ್ಡವ್ವ ಗದರಿದಳು. ನಾನು ಅವನಿಗೆ ಗಂಡನ ಹೆಸರು, ಮಾವನ ಹೆಸರು ಎಲ್ಲ ಬಿಡಿಸಿ ಹೇಳಿದೆ. ದೊಡ್ಡವ್ವ ಸೆರಗಿನ ಒಳಗಿಂದಲೇ ತನ್ನ ವಾದ ಮುಗಿಸಿದಳು: "ಅದಕ್ಕೇ ಇಂಗ್ಲೀಷ್ನಲ್ಲಿ ಹೇಳ್ದೆ. ಇಂಗ್ಲೀಷ್ನಲ್ಲಿ ನಮ್ಮ ಮನೆಯವ್ರು ಯಾರೂ ಇಲ್ಲ."

ಕೆಂಪು ವಯರು ಹೆಡ್‌ಲೈಟಿನದು. ದೊಡ್ಡ ಫ್ಯೂಸ್ ಬೇಕಾದ ವಯರನ್ನು ಹಾರ್ನಿನ ಸಣ್ಣ ಫ್ಯೂಸಿನ ಮನೆಗೆ ಸೇರಿಸಿದರೆ ಅದು ಸಾಯದೆ ಇನ್ನೇನು? ಮುರುಗೇಸನ್ ಮತ್ತೆ ಅಂಗಾತ ಮಲಗಿದ. ವಯರನ್ನು ಬಿಡಿಸಿ ಅದರದೇ ಮನೆಗೆ ಹಾಕಿ, ದೊಡ್ಡ ಫ್ಯೂಸ್ ಒತ್ತಿದ. ಹಾರ್ನನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿದ. "ಹಾಕಿ ಪೆರಿಯಮ್ಮಾ" ಎಂದ. ಅವಳು ಗುಂಡಿ ತಿರುಗಿಸಿದಳು.

ಹೆಡ್‌ಲೈಟು ಎರಡೂ ಹೊತ್ತಿ ಎದುರಿನ ಕೊಟ್ಟಿಗೆಯ ಗೋಡೆ ಬೆಳ್ಳಗಾಯಿತು. ಎಮ್ಮೆ ಹಗ್ಗ ಜಗ್ಗಿ ಎದ್ದು ನಿಂತಿತು. ದೊಡ್ಡವ್ವ ಹಾರ್ನ್ ಒತ್ತಿ ಹಿಡಿದಳು, ಬಿಡಲೇ ಇಲ್ಲ. ಹೂವಿನ ಹೆಂಗಸರು ಏನಾಯಿತೋ ಎಂದು ಮನೆಮನೆಯಿಂದ ಓಡಿ ಬಂದರು. ನಾನು ಕುಣಿದೆ, ಹೇಳಲು ನಾಚಿಕೆಯೇನಿಲ್ಲ, ಮೇಷ್ಟ್ರಮ್ಮನಾದ ನಾನು ಅಂಗಳದಲ್ಲಿ ಕುಣಿದೆ. ಮಗ ಬೇಲಿಯ ಬಳಿಯಿಂದ ಸದ್ದಿಲ್ಲದೆ ಹೊರಟುಹೋದ. ಆ ಮೇಲೆ ಯಾರೇ ಕೇಳಲಿ, ದೊಡ್ಡವ್ವನ ತೀರ್ಪು ಒಂದೇ: ತನ್ನ ಇಂಗ್ಲೀಷು ಸರಿಯಾಗಿಯೇ ಇತ್ತು, ಅವನ ಕಿವಿಗೆ ಕಿಲುಬು ಹಿ‌ಡಿದಿತ್ತು.

ಸೋಮವಾರ ದಿಂಡಿಗಲ್ಲಿನ ಆಚೆ ಪರೀಕ್ಷೆಯ ಮೈದಾನಕ್ಕೆ ನಾವು ಮೂವರೂ ವ್ಯಾನಿನಲ್ಲೇ ಹೋದೆವು. ದೊಡ್ಡಪ್ಪ ಮುಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ನಾನು ಹಿಂದೆ, ಖಾಲಿ ಬುಟ್ಟಿಗಳ ನಡುವೆ. ಮಗ ಬಸ್ಸಿನಲ್ಲಿ ಬಂದು ಮೊದಲೇ ಗೇಟಿನ ಬಳಿ ನಿಂತಿದ್ದ. ಗಾಡಿಯನ್ನು ಹಳೆ ಕಬ್ಬಿಣದವನ ಹತ್ತಿರಕ್ಕೆ ಓಡಿಸಿಕೊಂಡು ಹೋಗಲು ಬಂದವನು, ತನ್ನ ಗಾಡಿಯನ್ನು ಮನೆಯಲ್ಲೇ ಬಿಟ್ಟಿದ್ದ.

ಅಧಿಕಾರಿ ಮಿತಭಾಷಿ. ಬ್ರೇಕು ಎಂದರು, ಬ್ರೇಕು ನೋಡಿದರು. ಇಂಡಿಕೇಟರ್ ಎಂದರು. ಕಡ್ಡಿ ಎಂದರು. ಹಾರ್ನ್ ಎಂದರು, ದೊಡ್ಡವ್ವ ಒತ್ತಿದ್ದಕ್ಕೆ ಸಾಲಿನ ಕೊನೆಯ ಲಾರಿಯವನು ತಿರುಗಿ ನೋಡಿದ. ಹೆಡ್‌ಲೈಟ್ ಎಂದರು.  ದೀಪ ಹೊತ್ತಿತು. ದೀಪ ಉರಿಯುತ್ತಿರುವಾಗಲೇ ಹಾರ್ನ್ ಇನ್ನೊಮ್ಮೆ ಎಂದರು, ಅದೂ ಕೂಗಿತು. ಅವರು ಬಗ್ಗಿ, ಮೊಣಕಾಲಿನ ಪಕ್ಕದ ಹೊಸ ಪೆಟ್ಟಿಗೆ ನೋಡಿ ತಲೆಯಾಡಿಸಿದರು. "ಒಂದು ರೌಂಡ್ ಓಡಿಸಿ ತೋರಿಸಿ. ಡ್ರೈವರ್ ಯಾರು?"

ಮಗ ಒಂದು ಹೆಜ್ಜೆ ಮುಂದೆ ಬಂದ, ಅಭ್ಯಾಸಬಲದಿಂದ. ದೊಡ್ಡವ್ವ ಅವನ ಕಡೆ ನೋಡಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇರ್ ಹಾಕಿ, ಮೈದಾನ ಸುತ್ತಿ ಬಂದು, ಅಧಿಕಾರಿ ಕೇಳದಿದ್ದರೂ ಎರಡು ಲಾರಿಗಳ ನಡುವೆ ಹಿಂದಕ್ಕೆ ತಂದು ಕನ್ನಡಿ ತಾಗದ ಹಾಗೆ ನಿಲ್ಲಿಸಿದಳು. ಅಧಿಕಾರಿ ಮೊದಲ ಬಾರಿಗೆ ನಕ್ಕರು. "ಸರಿ ಅಮ್ಮಾ, ಆಯ್ತು, ಹೋಗಿ" ಎಂದರು.

ಅಷ್ಟೇ. ಆಗಿಹೋಯಿತು. ನಾನು ದೊಡ್ಡವ್ವನ ಹೆಗಲು ಹಿಡಿದು ಅಲುಗಾಡಿಸಿದೆ, ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಅದೇ ವ್ಯಾನನ್ನು ಅವಳು ಆಮೇಲೆ ಕೈಲಾಗುವ ತನಕ, ಕಾಯಿಲೆ ಬಿದ್ದು ಮಲಗುವ ತಿಂಗಳ ತನಕ ಓಡಿಸಿದಳು.

ಗೇಟು ದಾಟುವಾಗ ಮಗ ಕೈ ಎತ್ತಿ ನಿಲ್ಲಿಸಿದ. ಕಿಟಕಿಯ ಹತ್ತಿರ ಬಂದು ಚಪ್ಪಲಿಯಿಂದ ಮಣ್ಣು ಕೆದಕುತ್ತಾ ನಿಂತ. ಕೊನೆಗೆ ಕೇಳಿದ. "ಅವ್ವ, ನಾನೂ ಬರ್ಲಾ? ಊರಿಗೆ."

ದೊಡ್ಡವ್ವ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಹೆಡ್‌ಲೈಟು ಎರಡೂ ಉರಿಯುತ್ತಲೇ ಇದ್ದವು, ಆರಿಸುವ ಯೋಚನೆ ಅವಳಿಗೆ ಇದ್ದಂತೆ ಕಾಣಲಿಲ್ಲ.

"ಹಿಂದೆ ಹತ್ಕೋ, ಕಣ್ಣು" ಎಂದಳು. "ಮುಂದಿನ ಸೀಟು ನಿಮ್ಮಪ್ಪಂದು."